ಇದಕ್ಕೆ ಎಷ್ಟು ಬರುತ್ತೆ? – ಹಳೆಯ ನಾಣ್ಯದ ಬೆಲೆಯೂ ಮೌಲ್ಯವೂ

ಶಾಸನಗಳ ಬೆನ್ನು ಹತ್ತಿ ತಿರುಗುವವರಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಕಲ್ಲಿನ ಮುಂದೆ ಕೂತು ಅಕ್ಷರ ಬಿಡಿಸುತ್ತಿದ್ದರೆ ಹಿಂದಿನಿಂದ ಒಂದು ದನಿ: "ನಿಧಿ ಎಲ್ಲಿದೆ ಅಂತ ಬರೆದಿದೆಯಾ ಸಾರ್?" ಇವನಿಗೆ ಹಳೇ ಅಕ್ಷರ ಓದೋಕೆ ಬರುತ್ತೆ ಅಂತ ಗೊತ್ತಾದ ಮೇಲೆ, ಮನೆಯೊಳಗಿಂದ ಒಂದು ಬಟ್ಟೆಗಂಟು ಬಿಚ್ಚಿ: "ಇದಕ್ಕೆ ಎಷ್ಟು ಬರುತ್ತೆ ನೋಡಿ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಶಾಸನದಲ್ಲಿ ಇರುವುದು ದಾನ, ಕೆರೆ, ಗಡಿ, ಕಾಳಗ ಮತ್ತು ದಾನ ಕೆಡಿಸಿದವನಿಗೆ ಶಾಪ. ನಿಧಿಯ ದಾರಿ ಬರೆದಿಟ್ಟ ಕಲ್ಲನ್ನು ನಾನಂತೂ ನೋಡಿಲ್ಲ. ಎರಡನೆಯದಕ್ಕೆ ಮಾತ್ರ ಒಂದು ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ. ಈ ಬರಹ ಆ ಎರಡನೇ ಪ್ರಶ್ನೆಗೆ. ನಮ್ಮ ಬೆಂಗಳೂರಿನ ಪೂರ್ವ ಭಾಗವನ್ನೇ, ಅಂದರೆ ದಂಡು, ಹಲಸೂರು, ದೊಮ್ಮಲೂರುಗಳ ಕಡೆಯನ್ನೇ ಹೆಚ್ಚಾಗಿ ಇಟ್ಟುಕೊಂಡು ಹೇಳುತ್ತೇನೆ.

ನಾಣ್ಯವೂ ಒಂದು ಶಾಸನ

ನಾವು ದಿನಾ ಆಡುವ ಮಾತನ್ನೇ ನೋಡಿ. ಹಣ, ದುಡ್ಡು, ಕಾಸು, ಹೊನ್ನು. ಇವತ್ತು ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಒಂದು ಕಾಲಕ್ಕೆ ಇವು ಬೇರೆ ಬೇರೆ ನಾಣ್ಯಗಳ ಹೆಸರು. ಹಣ ಅಂದರೆ ಬೆರಳ ತುದಿಯ ಮೇಲೆ ಕೂರುವಷ್ಟು ಪುಟ್ಟ ಚಿನ್ನದ ನಾಣ್ಯ. ದುಡ್ಡು, ಕಾಸು ತಾಮ್ರದವು. ಶಾಸನಗಳಿಗೆ ಹೋದರೆ ಪಟ್ಟಿ ಇನ್ನೂ ಬೆಳೆಯುತ್ತದೆ: ಗದ್ಯಾಣ, ಪೊನ್, ದ್ರಮ್ಮ, ಪಣ, ಹಾಗ, ವೀಸ, ಕಾಣಿ. ಪಣದ ಕಾಲುಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ, ಅರವತ್ತನಾಲ್ಕನೇ ಒಂದು ಭಾಗ ಕಾಣಿ. ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯಿಂದ ಬಂದದ್ದಕ್ಕೆ 'ಲೊಕ್ಕಿ ಗದ್ಯಾಣ' ಎಂಬ ಪ್ರತ್ಯೇಕ ಹೆಸರೇ ಇತ್ತು.

ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥ ದೇವಾಲಯಕ್ಕೆ ಈ ಬ್ಲಾಗಿನ ಓದುಗರಲ್ಲಿ ಬಹಳ ಜನ ಹೋಗಿರುತ್ತೀರಿ. ಅಲ್ಲಿಯ ತಮಿಳು ಶಾಸನವೊಂದರಲ್ಲಿ ಹೊಯ್ಸಳ ರಾಮನಾಥನು ತೊಮ್ಮಲೂರಿನ ಆದಾಯದಿಂದ ಹತ್ತು ಪೊನ್ ಬಿಟ್ಟುಕೊಟ್ಟ ವಿಷಯ ಬರುತ್ತದೆ. ಕಲ್ಲು ಇಲ್ಲಿ ಮೊತ್ತ ಹೇಳಿತು. ಆದರೆ ಆ ಪೊನ್ನು ಎಷ್ಟು ತೂಕದ್ದು, ಅದರ ಮೇಲೆ ಏನಿತ್ತು, ಯಾವ ಕಮ್ಮಟದಿಂದ ಬಂತು ಅಂತ ಕಲ್ಲು ಹೇಳುವುದಿಲ್ಲ. ಅದನ್ನು ಹೇಳಬೇಕಾದ್ದು ನಾಣ್ಯ. ಕಲ್ಲು ಲೆಕ್ಕದ ಪುಸ್ತಕ ಅಂದುಕೊಂಡರೆ ನಾಣ್ಯ ಆ ಲೆಕ್ಕದ ಗಲ್ಲಾಪೆಟ್ಟಿಗೆ. ಒಂದಿಲ್ಲದೆ ಇನ್ನೊಂದು ಅರ್ಧ.

ಕೆಲವು ನಾಣ್ಯಗಳಂತೂ ನೇರವಾಗಿ ಶಾಸನಗಳೇ. ವಿಷ್ಣುವರ್ಧನನ ಚಿನ್ನದ ನಾಣ್ಯದ ಹಿಂಬದಿಯಲ್ಲಿ ಕನ್ನಡದಲ್ಲೇ 'ಶ್ರೀ ತಲಕಾಡುಗೊಂಡ' ಎಂದಿದೆ; ಇನ್ನೊಂದು ಬಗೆಯಲ್ಲಿ 'ಶ್ರೀ ನೊಣಂಬವಾಡಿಗೊಂಡ'. ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಸುಮಾರು ನಾಲ್ಕು ಗ್ರಾಂ ಚಿನ್ನದ ಮೇಲೆ ಬರೆಸಿ ಸಂತೆಗೆ ಬಿಟ್ಟಿದ್ದಾನೆ. ಕಲ್ಲನ್ನು ಓದಲು ಜನ ಕಲ್ಲಿನ ಬಳಿ ಹೋಗಬೇಕು. ನಾಣ್ಯ ತಾನೇ ಜನರ ಕೈಗೆ ಹೋಗುತ್ತದೆ. ನಾಣ್ಯ ಹೊಡೆಸುವುದು ಅರಸೊತ್ತಿಗೆಯ ಗುರುತು ಅನ್ನುವುದಕ್ಕೆ ನಮ್ಮೂರಲ್ಲೇ ಒಂದು ಐತಿಹ್ಯ ಇದೆಯಲ್ಲ: ಕೆಂಪೇಗೌಡರು ಸ್ವಂತ ನಾಣ್ಯ ಹೊಡೆಸಿದರೆಂದು ವಿಜಯನಗರದವರು ಸೆರೆಗೆ ಹಾಕಿದರು ಅಂತ. ಐತಿಹ್ಯವೇ ಇರಲಿ, ನಾಣ್ಯದ ಮೇಲಿನ ಬರಹವನ್ನು ಜನ ಎಷ್ಟು ದೊಡ್ಡದಾಗಿ ಕಾಣುತ್ತಿದ್ದರು ಎಂಬುದು ಅದರಲ್ಲಿದೆ.

ದಂಡಿನ ಹವ್ಯಾಸಿಗಳು

ಹಳೆಯ ನಾಣ್ಯ ಕೂಡಿಡುವ ಹವ್ಯಾಸ ನಮ್ಮಲ್ಲಿ ಇತ್ತೀಚಿನದಲ್ಲ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಬ್ರಿಟಿಷರು ತಮ್ಮ ಪಡೆಯನ್ನು ಹಲಸೂರಿನ ಬಳಿಗೆ ತಂದರು. ಅದೇ ದಂಡು. ಟಿಪ್ಪು ತೀರಿಕೊಂಡು ಆಗ ಹತ್ತೇ ವರ್ಷ. ಅವನ ನಾಣ್ಯಗಳು ಬಜಾರಿನಲ್ಲಿ ಇನ್ನೂ ಓಡಾಡುತ್ತಿದ್ದ ಕಾಲ. ಬಿಡುವಿದ್ದ, ಕುತೂಹಲವಿದ್ದ ಅಧಿಕಾರಿಗಳು ಮುಂದೆ ಅವನ್ನು ಕೂಡಿಡತೊಡಗಿದರು.

ಹಾಕ್ಸ್ ಎಂಬ ಸೇನಾಧಿಕಾರಿ ಮೈಸೂರಿನ ಚಿನ್ನ, ಬೆಳ್ಳಿ, ತಾಮ್ರದ ನಾಣ್ಯಗಳ ಮೇಲೆ ಬರೆದ ಪುಟ್ಟ ಪುಸ್ತಕ 1856ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಅವರ ಪ್ರಯತ್ನದಿಂದ ದಂಡಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾಯಿತು. ಮ್ಯೂಸಿಯಂ ರಸ್ತೆಗೆ ಹೆಸರು ಬಂದದ್ದು ಅದರಿಂದಲೇ. 1877ರಲ್ಲಿ ಅದು ಈಗಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಹೋಯಿತು. ಅಲ್ಲಿದ್ದ ಮೈಸೂರು ನಾಣ್ಯಗಳ ಪಟ್ಟಿಯನ್ನು ಕ್ಯಾಪ್ಟನ್ ಟಫ್ನೆಲ್ 1889ರಲ್ಲಿ ಮಾಡಿದರು. ದಕ್ಷಿಣ ಭಾರತದ ನಾಣ್ಯ ಸಂಗ್ರಹಕಾರರಿಗೆ ಕಿವಿಮಾತು ಹೇಳುವ ಬರಹವೂ ಅವರದಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮೇಜರ್ ಜಾಕ್ಸನ್ 'ಕಾಯಿನ್ ಕಲೆಕ್ಟಿಂಗ್ ಇನ್ ಮೈಸೂರ್' ಎಂಬ ಲೇಖನವನ್ನೇ ಬರೆದರು. 1921ರಲ್ಲಿ ಹೆಂಡರ್ಸನ್ ಅವರ ಹೈದರ್–ಟಿಪ್ಪು ನಾಣ್ಯಗಳ ಪುಸ್ತಕ ಬಂತು. ಇವತ್ತಿಗೂ ಆ ನಾಣ್ಯಗಳನ್ನು ಗುರುತಿಸುವವರು ಮೊದಲು ತೆರೆಯುವುದು ಅದನ್ನೇ. ನಮ್ಮವರಲ್ಲಿ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಇಡಿಯಾಗಿ ಹಿಡಿದು ಶಾಸನಗಳ ಜೊತೆ ಕೂಡಿಸಿ ಓದುವ ದಾರಿ ಹಾಕಿಕೊಟ್ಟರು.

ಹವ್ಯಾಸಿಗಳಿಲ್ಲದಿದ್ದರೆ ಎಷ್ಟೋ ನಾಣ್ಯ ಅಕ್ಕಸಾಲಿಗರ ಮೂಸೆಗೆ ಬಿದ್ದು ಕರಗಿ ಹೋಗುತ್ತಿದ್ದವು. ಅದು ಅವರ ಉಪಕಾರ. ಆದರೆ ಬಜಾರಿನಲ್ಲಿ ಕೊಂಡ ನಾಣ್ಯಕ್ಕೆ ಹುಟ್ಟೂರು ಇರುತ್ತದೆ, ಸಿಕ್ಕಿದ ಊರು ಇರುವುದಿಲ್ಲ. ಮಾರುವವನು "ಹಳ್ಳಿ ಕಡೆಯಿಂದ ಬಂತು" ಅನ್ನುತ್ತಾನೆ, ಅಷ್ಟೇ. ಯಾವ ಹಳ್ಳಿ, ಹೊಲದಲ್ಲೋ ಗೋಡೆಯಲ್ಲೋ, ಜೊತೆಗೆ ಏನಿತ್ತು ಎಂಬುದೆಲ್ಲ ಅಲ್ಲಿಗೇ ಮುಗಿಯಿತು.

ಬೆಂಗಳೂರಿನ ಹೆಸರು ಹೊತ್ತ ಕಾಸು

ಟಿಪ್ಪುವಿನ ಟಂಕಸಾಲೆಗಳಲ್ಲಿ ಬೆಂಗಳೂರೂ ಒಂದು. ತಾಮ್ರದ ಕಾಸಿನ ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಪಾರಸಿ ಲಿಪಿಯಲ್ಲಿ 'ಜರ್ಬ್' ಎಂಬ ಪದ, ಜೊತೆಗೆ ಊರಿನ ಹೆಸರು. ಜರ್ಬ್ ಅಂದರೆ ಅಚ್ಚು ಹೊಡೆದದ್ದು. ಪಾರಸಿ ಓದಲು ಬಾರದವರೂ ಈ ಒಂದು ಪದ ಮತ್ತು ನಾಲ್ಕಾರು ಊರ ಹೆಸರುಗಳ ಆಕಾರ ಗುರುತಿಟ್ಟುಕೊಂಡರೆ ಸಾಕು, ಪಟ್ಟಣ, ನಗರ, ಬೆಂಗಳೂರು ಅಂತ ಬೇರೆ ಮಾಡಬಹುದು. ಇಸವಿಯಲ್ಲಿ ಒಂದು ತಮಾಷೆ ಇದೆ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. 1224 ಎಂಬುದು ನಮ್ಮ ಕಣ್ಣಿಗೆ 4221 ಅಂತ ಕಾಣುತ್ತದೆ. ಇದು ಗೊತ್ತಿಲ್ಲದೆ "ಸಾವಿರಾರು ವರ್ಷ ಹಳೇದು" ಅಂತ ಲೆಕ್ಕ ಹಾಕಿದವರನ್ನು ಕಂಡಿದ್ದೇನೆ. ನಾಣ್ಯಗಳ ಹೆಸರು ಇನ್ನೂ ಚಂದ: ಪೈಸೆಗೆ ಜೋಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ.

ಅದಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳು. ಕನ್ನಡದಲ್ಲಿ 'ಮಯಿಲಿ ಕಾಸು' ಎಂಬ ಬರಹ, ಇಂಗ್ಲಿಷ್ ಅಕ್ಷರದಲ್ಲಿ ಬೆಲೆ, ಪಾರಸಿಯಲ್ಲಿ ಮೈಸೂರಿನ ಹೆಸರು. ಒಂದು ಕಾಸಿನ ಮೇಲೆ ಮೂರು ಲಿಪಿ. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1843ಕ್ಕೆ ಈ ಕಾಸುಗಳ ಕಾಲವೂ ಮುಗಿಯಿತು. ಲಿಪಿ ಕಲಿಯಬೇಕು ಅನ್ನುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಚಿನ್ನದ ಹಿಂದೆ ಹೋಗಬೇಡಿ, ಈ ತಾಮ್ರದಿಂದ ಶುರು ಮಾಡಿ. ಕೈಗೆಟಕುವ ಬೆಲೆಗೆ ಇಷ್ಟೊಂದು ಓದು ಕೊಡುವ ವಸ್ತು ಬೇರೆ ಇಲ್ಲ.

ಎರಡು ರೋಮನ್ ಕಥೆಗಳು

ಮೌಲ್ಯ ಅಂದರೆ ಏನು ಎನ್ನುವುದಕ್ಕೆ ಬೆಂಗಳೂರಿನ ಎರಡು ಶೋಧಗಳಿಗಿಂತ ಒಳ್ಳೆಯ ಪಾಠ ಇಲ್ಲ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು ಅದರಲ್ಲಿದ್ದವು. 1965ರಲ್ಲಿ ಇತ್ತ ಪೂರ್ವಕ್ಕೆ, ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ ಇನ್ನೊಂದು ರಾಶಿ ಸಿಕ್ಕಿತು. ಇದರಲ್ಲಿ ಬಹುಪಾಲು ನಮ್ಮ ನೆಲದ್ದೇ ಆದ ಪ್ರಾಚೀನ ಮುದ್ರಾಂಕಿತ ಬೆಳ್ಳಿ ನಾಣ್ಯಗಳು, ಅಂದರೆ ಸೂರ್ಯ, ಬೆಟ್ಟ, ಆನೆ ಮುಂತಾದ ಗುರುತುಗಳನ್ನು ಒಂದೊಂದಾಗಿ ಒತ್ತಿದ ತುಣುಕುಗಳು. ಅವುಗಳ ನಡುವೆ ಬೆರಳೆಣಿಕೆಯ ರೋಮನ್ ನಾಣ್ಯ.

ಈಗ ಒಂದು ಲೆಕ್ಕ ಮಾಡಿ. ಆ ರಾಶಿಯಿಂದ ಯಾರಾದರೂ ರೋಮನ್ ನಾಣ್ಯಗಳನ್ನು ಮಾತ್ರ ಎತ್ತಿ ಮಾರಿದ್ದರೆ ಏನಾಗುತ್ತಿತ್ತು? ನಾಣ್ಯ ಹಾಳಾಗುತ್ತಿರಲಿಲ್ಲ. ಟೈಬೀರಿಯಸನ ಮುಖ ಹಾಗೇ ಇರುತ್ತಿತ್ತು, ಒಳ್ಳೆಯ ಬೆಲೆಯೂ ಬರುತ್ತಿತ್ತು. ಆದರೆ ಅಂಥ ನಾಣ್ಯ ಜಗತ್ತಿನಲ್ಲಿ ಸಾವಿರಾರು ಇವೆ. ರೋಮಿನ ಬೆಳ್ಳಿಯೂ ನಮ್ಮ ಮುದ್ರಾಂಕಿತ ಬೆಳ್ಳಿಯೂ ಒಬ್ಬನೇ ಮನುಷ್ಯನ ಗಡಿಗೆಯಲ್ಲಿ ಒಟ್ಟಿಗಿದ್ದವು, ಆತ ಇದ್ದದ್ದು ಇಂದಿನ ಹಳೇ ಏರ್‌ಪೋರ್ಟ್ ರಸ್ತೆಯ ಆಸುಪಾಸು ಎಂಬ ವಿಷಯ ಮಾತ್ರ ಆ ರಾಶಿಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಬೇರೆ ಮಾಡಿದ್ದರೆ ಅದು ಹೋಗುತ್ತಿತ್ತು. ಬೆಲೆ ಒಂಟಿ ನಾಣ್ಯಕ್ಕೆ ಇದೆ. ಮೌಲ್ಯ ಇರುವುದು ಅದರ ಜೊತೆಗಾರರಲ್ಲಿ, ಅದು ಬಿದ್ದಿದ್ದ ನೆಲದಲ್ಲಿ.

ಹಲಸೂರಿನ ಒಂದು ಡಬ್ಬಿ

ಇದು ಗಡಿಗೆಯ ನಿಧಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಹಲಸೂರಿನ ಒಂದು ಮನೆಗೆ ನನ್ನನ್ನು ಕರೆದಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಲವತ್ತರ ಹತ್ತಿರ ನಾಣ್ಯ. ಮೊಮ್ಮಗ ಆಗಲೇ ಮೂರು ಗುಡ್ಡೆ ಮಾಡಿದ್ದ: ಬೆಳ್ಳಿ ಒಂದು ಕಡೆ, ಆನೆಯಿದ್ದ ತಾಮ್ರ ಇನ್ನೊಂದು ಕಡೆ, ಉಳಿದದ್ದು "ವೇಸ್ಟು". ಬೆಳ್ಳಿಯನ್ನು ಕಮರ್ಷಿಯಲ್ ಸ್ಟ್ರೀಟ್ ಕಡೆ ತೂಕಕ್ಕೆ ಹಾಕುವುದು, ಆನೆ ಕಾಸನ್ನು ಸಂಗ್ರಹಕಾರರಿಗೆ ಕೊಡುವುದು, ವೇಸ್ಟನ್ನು ಮಕ್ಕಳಿಗೆ ಆಡಲು ಕೊಡುವುದು ಅಂತ ಅವನ ಯೋಜನೆ. ಮನೆಗೆ ದುಡ್ಡಿನ ಅಗತ್ಯ ಇತ್ತು. ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ.

ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದರು. ತೊಂಬತ್ತರ ಹತ್ತಿರದವರು. ಗುಡ್ಡೆಗಳನ್ನು ನೋಡಿ, "ಹಿಂಗೆ ಬೇರೆ ಬೇರೆ ಯಾಕಪ್ಪಾ ಇಟ್ಟಿದೀರಾ? ಅವರು ಗಲ್ಲಾಕ್ಕೆ ಬಂದಿದ್ದನ್ನ ಬಂದ ಹಂಗೇ ಇದರೊಳಗೆ ಹಾಕ್ತಿದ್ದರು" ಅಂದರು. ಅವರ ಯಜಮಾನರದು ದಿನಸಿ ಅಂಗಡಿ. ಒಂದು ಕಡೆ ದಂಡಿನ ಗಿರಾಕಿ, ಇನ್ನೊಂದು ಕಡೆ ಕೆ.ಆರ್. ಪುರದ ಕಡೆಯಿಂದ ತರಕಾರಿ ತರುವ ರೈತರು. ಕಾಲಾಣೆಗಳ ನಡುವೆ ಯಾರೋ ತಳ್ಳಿ ಹೋದ ಹಳೇ ಕಾಸು ಕಂಡರೆ ಅದನ್ನು ಎತ್ತಿ ಡಬ್ಬಿಗೆ ಹಾಕುವುದು ಅವರ ಅಭ್ಯಾಸ. 1957ರ ಏಪ್ರಿಲ್ ಒಂದರಿಂದ ಹದಿನಾರಾಣೆ ಲೆಕ್ಕ ಹೋಗಿ ನಯಾಪೈಸೆ ಬಂದ ಮೇಲೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರಂತೆ.

ಈಗ ಮತ್ತೆ ಡಬ್ಬಿ ನೋಡಿದೆ. ಕಂಪನಿಯ ಕಾಲಾಣೆ, ವಿಕ್ಟೋರಿಯಾ ರೂಪಾಯಿ, ಒಡೆಯರ ಮಯಿಲಿ ಕಾಸು, ಟಿಪ್ಪುವಿನ ಎರಡು ಸವೆದ ಆನೆ ಕಾಸು. ದಂಡಿನ ದುಡ್ಡೂ ಸಂಸ್ಥಾನದ ದುಡ್ಡೂ ಒಂದೇ ಗಲ್ಲಾಕ್ಕೆ ಬಂದು ಬಿದ್ದ ದಾಖಲೆ ಅದು. ದಂಡು ಪ್ರದೇಶ 1947ರವರೆಗೆ ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ ಅನ್ನುವುದನ್ನು ಪುಸ್ತಕದಲ್ಲಿ ಓದುತ್ತೇವೆ. ಆ ಗಡಿಯನ್ನು ಕಾಸುಗಳು ಹೇಗೆ ದಾಟುತ್ತಿದ್ದವು ಎಂಬುದು ಈ ಡಬ್ಬಿಯಲ್ಲಿತ್ತು. ಆ ಮೂರನೇ ಗುಡ್ಡೆಯ 'ವೇಸ್ಟು' ಸೇರದೆ ಆ ಚಿತ್ರ ಪೂರ್ತಿಯಾಗುವುದಿಲ್ಲ.

ಎಲ್ಲವನ್ನೂ ಮತ್ತೆ ಒಟ್ಟು ಮಾಡಿ ಫೋಟೋ ತೆಗೆದೆವು. ಒಂದೊಂದನ್ನೂ ತೂಗಿದೆವು. ಅಜ್ಜಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ತಾರೀಖು ಹಾಕಿ ಮೊಮ್ಮಗನೇ ಬರೆದುಕೊಂಡ. ಆಮೇಲೆ ಅವರು ನಾಲ್ಕು ಬೆಳ್ಳಿ ರೂಪಾಯಿ ಮಾರಿದರು. ಮಾರಿದ್ದು ತಪ್ಪಲ್ಲ. ಪಟ್ಟಿಯಲ್ಲಿ ಆ ನಾಲ್ಕರ ಫೋಟೋ, ತೂಕ ಉಳಿದಿವೆ.

ಹಾಗಾದರೆ ಬೆಲೆ ಹೇಗೆ?

ಮೊದಲು ಲೋಹ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕಲ್ಲಿನದು. ಹಾಗಾಗಿ ಸಾಮಾನ್ಯ ವಿಕ್ಟೋರಿಯಾ, ಐದನೇ ಜಾರ್ಜ್ ರೂಪಾಯಿಗೆ ಅಂದಂದಿನ ಬೆಳ್ಳಿ ದರವೇ ಅಡಿಪಾಯ. ಅದಕ್ಕೆ ಸ್ವಲ್ಪ ಮೇಲೆ ಬಂದರೆ ಸಂತೋಷ. ಎರಡನೆಯದು ಅಪರೂಪ. ಹಳೆಯದೆಲ್ಲ ಅಪರೂಪವಲ್ಲ. ಸಾವಿರಾರು ವರ್ಷ ಹಳೆಯ ಮುದ್ರಾಂಕಿತ ನಾಣ್ಯಕ್ಕಿಂತ 1939ರ ಬೆಳ್ಳಿ ರೂಪಾಯಿಗೆ ಹೆಚ್ಚು ಬೆಲೆ ಬರುವುದುಂಟು, ಏಕೆಂದರೆ ಅದು ಸಿಗುವುದೇ ಕಷ್ಟ. ಮೂರನೆಯದು ಸ್ಥಿತಿ: ಅಕ್ಷರ ಎಷ್ಟು ಉಳಿದಿದೆ, ಟಂಕಸಾಲೆಯ ಹೆಸರು, ಇಸವಿ ಓದಲು ಬರುತ್ತದೆಯೇ ಎಂಬುದು.

ಇಲ್ಲೇ ನಮ್ಮವರು ಕೆಡಿಸಿಕೊಳ್ಳುವುದು. ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಕಾಸನ್ನು ಹಬ್ಬದ ಚೊಂಬಿನ ಹಾಗೆ ಫಳಫಳ ಮಾಡಿ ತರುತ್ತಾರೆ. ಕಾಲ ಕೂರಿಸಿದ ಆ ಕಂದು, ಹಸಿರು ಪೊರೆಯೇ ಅದರ ರಕ್ಷೆ. ತಿಕ್ಕಿದರೆ ಪೊರೆಯೂ ಹೋಗುತ್ತದೆ, ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ದಯವಿಟ್ಟು ತೊಳೆಯಬೇಡಿ.

ನಕಲಿಯ ವಿಷಯ. ಅಂಚಿನಲ್ಲಿ ಸುತ್ತಲೂ ಗೆರೆ, ಮೈಮೇಲೆ ಸಣ್ಣ ಗುಳ್ಳೆ, ಸೋಪಿನಂತೆ ಮೊಂಡಾದ ಅಕ್ಷರ ಕಂಡರೆ ಅದು ಅಚ್ಚು ಹೊಡೆದದ್ದಲ್ಲ, ಎರಕ ಹೊಯ್ದದ್ದು. ತೂಕ ಪುಸ್ತಕದ ತೂಕಕ್ಕೆ ಹೊಂದದಿದ್ದರೂ ಅನುಮಾನ ಪಡಿ. ಇನ್ನು 'ಈಸ್ಟ್ ಇಂಡಿಯಾ ಕಂಪನಿ, 1818, ಒಂದು ಆಣೆ' ಎಂದು ಬರೆದು ಹಿಂದೆ ರಾಮನೋ ಹನುಮನೋ ಇರುವ ಬಿಲ್ಲೆ ಪ್ರತಿ ಎರಡನೇ ಮನೆಯಲ್ಲಿದೆ. ಅದು ಕಂಪನಿಯ ನಾಣ್ಯವೇ ಅಲ್ಲ, ಪೂಜೆಗೆಂದು ಆಮೇಲೆ ಮಾಡಿದ ಬಿಲ್ಲೆ. ದೇವರ ಮನೆಯಲ್ಲಿಡಿ, ಲಕ್ಷ ಬರುತ್ತೆ ಅಂತ ನಂಬಬೇಡಿ. ಹಲಸೂರಿನ ಆ ಮೊಮ್ಮಗನ ಫೋನಿಗೂ ಅಂಥದ್ದೊಂದು ಸಂದೇಶ ಬಂದಿತ್ತು: ನಾಣ್ಯಕ್ಕೆ ಲಕ್ಷಗಟ್ಟಲೆ, ಮೊದಲು ತೆರಿಗೆಯ ಹಣ ಕಟ್ಟಿ ಅಂತ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ: ತನ್ನ ಹೆಸರು, ಲಾಂಛನ ಬಳಸಿ ಹಳೇ ನೋಟು ನಾಣ್ಯಗಳಿಗೆ ಶುಲ್ಕ, ಕಮಿಷನ್ ಕೇಳುವವರು ಮೋಸಗಾರರು, ಬ್ಯಾಂಕ್ ಅಂಥ ವ್ಯವಹಾರ ಮಾಡುವುದಿಲ್ಲ. ನಿಜವಾಗಿ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ.

ಕಾನೂನು ಏನನ್ನುತ್ತೆ

ತಾತನ ಪೆಟ್ಟಿಗೆಯಲ್ಲಿ ಬಂದ ನಾಣ್ಯ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಕೊಡುವವರು ಇದನ್ನು ನೆನಪಿಡಿ. ವ್ಯಾಪಾರಕ್ಕೆ ಪರವಾನಗಿ ಬೇಕು. ನೆಲ ಅಗೆಯುವಾಗ ಸಿಕ್ಕಿದ್ದಂತೂ ನಿಧಿಯ ಲೆಕ್ಕ. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಸಿಕ್ಕಿದವನು ಸರ್ಕಾರಕ್ಕೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಕೆ.ಆರ್. ಪುರದಿಂದ ಆಚೆಗೆ ದಿನಾ ಎಷ್ಟೋ ಪಾಯ ಅಗೆಯುತ್ತಿದ್ದಾರೆ. ಜೆಸಿಬಿ ಎತ್ತಿದ ಮಣ್ಣು ಲಾರಿಯಲ್ಲಿ ಹೋಗುತ್ತದೆ, ಅದರ ಜೊತೆ ಏನು ಹೋಯಿತೋ. ಅಲ್ಲಿ ಕೆಲಸ ಮಾಡುವವರಿಗೆ, ಮೇಸ್ತ್ರಿಗಳಿಗೆ ಈ ವಿಷಯ ತಲುಪಿಸುವುದು ನಾವು ಮಾಡಬಹುದಾದ ಕೆಲಸ.

ಒಂದು ನೋಟ್‌ಬುಕ್ ಸಾಕು

ಈ ಹವ್ಯಾಸಕ್ಕೆ ಬೇಕಾದ್ದು ದೊಡ್ಡ ಬಂಡವಾಳವಲ್ಲ. ಸಣ್ಣ ಡಿಜಿಟಲ್ ತಕ್ಕಡಿ, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್. ಪ್ರತಿ ನಾಣ್ಯಕ್ಕೂ ಒಂದು ಪುಟ: ಲೋಹ, ತೂಕ, ಅಗಲ, ಎರಡೂ ಬದಿಯ ಫೋಟೋ, ಕಂಡ ಅಕ್ಷರ ಕಂಡ ಹಾಗೆ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಯಾರಿಂದ, ಯಾವ ಊರಿಂದ, ಯಾವಾಗ ಬಂತು, ಜೊತೆಗೆ ಏನಿತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ, ಊಹಿಸಬೇಡಿ. ಕಣ್ಣು ಪಳಗಿಸಲು ಕಸ್ತೂರಬಾ ರಸ್ತೆಯ ಸಂಗ್ರಹಾಲಯಕ್ಕೆ ಹೋಗಿ, ಕ್ರಿ.ಶ. 949ರ ಆತಕೂರು ಶಾಸನವೂ ಅಲ್ಲೇ ಇದೆ, ನೋಡಿ ಬನ್ನಿ. ನೋಟುಗಳಲ್ಲಿ ಆಸಕ್ತಿ ಇದ್ದವರಿಗೆ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ಮ್ಯೂಸಿಯಂ ಇದೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಒಂದು ಡಬ್ಬಿ ಇರಬಹುದು. ಅದರ ಬೆಲೆಯನ್ನು ನಾಳೆಯೂ ಕೇಳಬಹುದು, ಮಾರುಕಟ್ಟೆ ಎಲ್ಲಿಗೂ ಹೋಗುವುದಿಲ್ಲ. ಅದರ ಕಥೆ ಗೊತ್ತಿರುವವರು ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಕೂತು ಕೇಳಿ ಬರೆದುಕೊಳ್ಳಿ.